ಚಂದ್ರಾಳಿಗೆ ಸಾವಲ್ಲದೆ ಬೇರೆ ದಾರಿ ಇರಲಿಲ್ಲವೇ?

ಪುಟ್ಟಣ್ಣ ಕಣಗಾಲರು ಎಂ. ಕೆ. ಇಂದಿರಾ ಅವರ ಕಾದಂಬರಿಯನ್ನು ಆಧರಿಸಿ 1969ರಲ್ಲಿ ‘ಗೆಜ್ಜೆಪೂಜೆ’ ಚಿತ್ರವನ್ನು ತೆಗೆದರು. ಕಲ್ಪನಾ ಅಭಿನಯಿಸಿದ ಚಂದ್ರಾ ಅದರ ನಾಯಕಿ. ಅವಳು ಬಯಸಿದ್ದಾದರೂ ಏನು? ಬಂಗಲೆಯಲ್ಲ, ಬಂಗಾರವಲ್ಲ. ವಿದ್ಯೆ ಕಲಿಯಬೇಕು, ಮೆಚ್ಚಿದವನ ಕೈಹಿಡಿಯಬೇಕು, ಮಾನದಿಂದ ಮನೆ ನಡೆಸಬೇಕು, ಇಷ್ಟೇ. ಗೆಜ್ಜೆಪೂಜೆ ತಪ್ಪದೆಂದಾದಾಗ ಆಕೆ ಪ್ರಾಣವನ್ನೇ ತೊರೆದಳು.

ಆಗ ಗಣರಾಜ್ಯಕ್ಕೆ ಹತ್ತೊಂಬತ್ತು ವರ್ಷ. ಹೆಣ್ಣಿಗೂ ಗಂಡಿಗೂ ಒಂದೇ ಓಟು ಬಂದಿತ್ತು. ಆದರೆ ‘ನಿನಗೇನು ಬೇಕು, ತಂಗೀ?’ ಎಂದು ಅವಳನ್ನು ಕೇಳಿದವರಾರು? ಪುಟ್ಟಣ್ಣನವರು ಕೇಳಿದರು. ಮುಂದೆ ‘ಶರಪಂಜರ’, 1973ರ ‘ಎಡಕಲ್ಲು ಗುಡ್ಡದ ಮೇಲೆ’ ಚಿತ್ರಗಳಲ್ಲಿಯೂ ಅದೇ ಪ್ರಶ್ನೆಯನ್ನು ಸಭ್ಯರ ಅಂಗಳಕ್ಕೆ ತಂದರು. ಹೆಣ್ಣಿನ ಬಯಕೆ ನಾಚಿಕೆಯ ವಿಷಯವಲ್ಲವೆಂದು ತೋರಿಸಿದ್ದು ಅವರ ದೊಡ್ಡಸ್ತಿಕೆ.

ಆದರೂ ಯಲ್ಲಮ್ಮನ ಗುಡ್ಡದ ನೆರೆಯಲ್ಲಿರುವ ಮನೋಳಿಯ ಓದುಗರು ಇನ್ನೊಂದು ಮಾತನ್ನು ಕೇಳಲೇಬೇಕು. ಗುಡ್ಡಕ್ಕೆ ಒಪ್ಪಿಸಿ ಮುತ್ತು ಕಟ್ಟಿಸಿದ ಹುಡುಗಿಯರು ಬಹುತೇಕ ಬಡ ದಲಿತರ ಮಕ್ಕಳು. ಚಂದ್ರಾಳಿಗೆ ಸಿಕ್ಕ ಶಾಲೆಯೂ ಅವರಿಗೆ ಸಿಗಲಿಲ್ಲ. ನಮ್ಮ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದಾಗಲೇ, 1934ರಲ್ಲಿ, ಮುಂಬಯಿ ಸರಕಾರ ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನು ನಿಷೇಧಿಸಿತ್ತು. ದೇವದಾಸಿಯ ಮದುವೆಯೂ ಕಾಯಿದೆಬದ್ಧವೆಂದು ಸಾರಿತ್ತು. ಹಾಗೆಂದು ಮುತ್ತು ಕಟ್ಟುವುದು ನಿಂತಿತೇ? ನಿಂತಿದ್ದರೆ 1982ರಲ್ಲಿ ಕರ್ನಾಟಕ ಸರಕಾರ ಮತ್ತೊಂದು ಕಾಯಿದೆ ಮಾಡುವ ಅಗತ್ಯವೇ ಇರಲಿಲ್ಲ. ಮಗಳನ್ನು ಬಿಟ್ಟ ತಾಯಿತಂದೆಗಳಿಗೆ 2ರಿಂದ 5 ವರ್ಷ ಸಜೆಯೆಂದು ಆ ಕಾಯಿದೆ ಹೇಳಿತು.

ಸಜೆಯ ಭಯ ಮುತ್ತು ಕಟ್ಟುವ ಕೈಯನ್ನು ತಡೆದೀತು. ಹಸಿದ ಹೊಟ್ಟೆಯನ್ನು ತುಂಬಲಾರದು. ಗೇಣು ಭೂಮಿಯಿಲ್ಲದ ಮನೆಯಲ್ಲಿ ಮಗಳ ಬಯಕೆಗೆ ಬೆಲೆ ಕಟ್ಟುವವನು ಊರ ಶ್ರೀಮಂತ. ಅವನು ಸಜೆಗೆ ಹೋಗುವುದು ಅಪರೂಪ. ಬಡ ತಾಯಿ ಮಾತ್ರ ಸುಲಭವಾಗಿ ಸಿಕ್ಕಿಬೀಳುತ್ತಾಳೆ. ಶಾಲೆಯ ದಾಖಲೆಯಲ್ಲಿ ತಂದೆಯ ಹೆಸರಿನ ಜಾಗವೊಂದೇ ಎಷ್ಟು ಮಕ್ಕಳನ್ನು ತಲೆತಗ್ಗಿಸಿ ನಿಲ್ಲಿಸಿತೆಂಬುದನ್ನು ಈ ಭಾಗದ ಮಾಸ್ತರರೆಲ್ಲ ಬಲ್ಲರು.

ಆದುದರಿಂದ ಬಯಕೆ ಉಳ್ಳವರ ಮನೆಯ ಚೈನಿಯೆಂದು ತಿಳಿಯುವುದು ತಪ್ಪು. ಕೂಲಿಯ ಹೆಣ್ಣುಮಗಳಿಗೂ ಮನಸ್ಸುಂಟು. ಅದಕ್ಕೆ ಆಧಾರ ಬೇಕು: ಅವಳ ಹೆಸರಿನಲ್ಲಿ ಹೊಲ, ಅವಳ ಕೈಗೆ ಪೂರ್ಣ ಕೂಲಿ, ಅವಳ ಮಕ್ಕಳಿಗೆ ಪ್ರಶ್ನೆಯಿಲ್ಲದ ಶಾಲೆ. ಚಿತ್ರ ನೋಡಿ ಚಂದ್ರಾಳಿಗಾಗಿ ಕಣ್ಣೀರಿಟ್ಟ ಜನ ಲಕ್ಷಾಂತರ. ಆ ಕಣ್ಣೀರು ಪಂಚಾಯತಿಯ ಸಭೆಯಲ್ಲಿ, ಭೂಮಿ ಹಂಚುವ ಹೊತ್ತಿನಲ್ಲಿ ಕೈಯೆತ್ತುವ ಧೈರ್ಯವಾಗಲಿ. ಚಂದ್ರಾ ಬದುಕಬೇಕಾದದ್ದು ಪರದೆಯ ಮೇಲಲ್ಲ, ನಮ್ಮ ಓಣಿಯಲ್ಲಿ.