ಫಾರ್ಮ್ಯಾಟ್ ಮಾಡಿಸುವ ಮುನ್ನ

ಹರಪನಹಳ್ಳಿಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ತಿಂಗಳು ದೂರವಾಣಿ ಮಾಡಿ, "ಸಾರ್, ಲ್ಯಾಪ್‌ಟಾಪಿನ ಮುಚ್ಚಳ ತೆರೆದೊಡನೆ ನೀಲಿ ಪರದೆ ಬಂದು ನಿಂತುಬಿಡುತ್ತದೆ. ಅಂಗಡಿಯವರು ಫಾರ್ಮ್ಯಾಟ್ ಮಾಡಬೇಕು ಅಂತಾರೆ, ಮಾಡಿಸಲೇ?" ಎಂದು ಕೇಳಿದ. "ಸ್ವಲ್ಪ ತಡೆಯಪ್ಪ" ಎಂದೆ. ಹಾಗೆನ್ನಲು ಸ್ವಾನುಭವವೇ ಕಾರಣ.

ಎರಡು ವರ್ಷಗಳ ಹಿಂದೆ ನನ್ನ ಯಂತ್ರಕ್ಕೂ ಇದೇ ವ್ಯಾಧಿ ತಗುಲಿತ್ತು. ಕೊಟ್ಟೂರಿನ ಮನೆಯಲ್ಲಿ ಬೆಳಗಿನ ಜಾವ ಬರೆಯುತ್ತ ಕುಳಿತು, ಚಹಾಕ್ಕೆಂದು ಏಳುವಾಗ ಮುಚ್ಚಳ ಮುಚ್ಚುವುದು ನನ್ನ ರೂಢಿ. ಮರಳಿ ತೆರೆದರೆ ನೀಲಿ ಪರದೆ. ಅಂಗಡಿಗೆ ಒಯ್ದೆ, ಫಾರ್ಮ್ಯಾಟ್ ಆಯಿತು. ನಮ್ಮ ತಂದೆಯವರ ಕುರಿತು ನುಡಿಯಲ್ಲಿ ಬೆರಳಚ್ಚಿಸಿದ್ದ ನಲವತ್ತು ಪುಟಗಳು ಅದರೊಂದಿಗೆ ಹೋದವು. ಪ್ರತಿ ಇಟ್ಟುಕೊಳ್ಳದ ತಪ್ಪು ನನ್ನದೇ. ಒಂಬತ್ತನೆಯ ದಿನ ನೀಲಿ ಪರದೆ ಮಾತ್ರ ಮರಳಿ ಬಂದಿತು!

ಏಕೆಂದು ಆಮೇಲೆ ತಿಳಿಯಿತು. ಸಾಂಪ್ರದಾಯಿಕ ನಿದ್ರೆಯಲ್ಲಿ ಲ್ಯಾಪ್‌ಟಾಪು ರ‍್ಯಾಮ್ ಎಂಬ ಸ್ಮೃತಿಗೆ ವಿದ್ಯುತ್ ಕೊಡುತ್ತ, ಉಳಿದ ಬಹುತೇಕ ಅಂಗಗಳನ್ನು ಆರಿಸಿರುತ್ತದೆ. ಎಚ್ಚರಗೊಳ್ಳುವಾಗ ಪರದೆ, ವೈ-ಫೈ ಮುಂತಾದ ಒಂದೊಂದನ್ನೂ ಅದರದರ ಡ್ರೈವರ್ ಎಂಬ ಪುಟ್ಟ ತಂತ್ರಾಂಶವೇ ಎಬ್ಬಿಸಬೇಕು. ಒಂದು ಡ್ರೈವರ್ ಎಡವಿದರೂ ಇಡೀ ಯಂತ್ರ ಕುಸಿಯಬಹುದು. ಫಾರ್ಮ್ಯಾಟ್ ಮಾಡಿದವರು ಅದೇ ಹಳೆಯ ಡ್ರೈವರನ್ನೇ ಮತ್ತೆ ಹಾಕಿದರೆ ರೋಗ ಹೋಗುವುದೆಂತು?

ನಮ್ಮ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ನುಡಿಯುವ ಒಂದು ಸಾಲಿನ ಕಾರಣಿಕಕ್ಕೆ ಮಳೆ, ಬೆಳೆ, ರಾಜಕೀಯವೆಂದು ಹತ್ತು ಅರ್ಥ ಹೇಳುತ್ತೇವೆ. ನೀಲಿ ಪರದೆಯ ಸಾಲಿಗೆ ಅಷ್ಟು ಅರ್ಥಗಳಿಲ್ಲ. ಆದರೂ ಅದನ್ನು ಓದುವವರೇ ಇಲ್ಲ. ನನ್ನದರಲ್ಲಿ 'ಡ್ರೈವರ್ ಪವರ್ ಸ್ಟೇಟ್ ಫೇಲ್ಯೂರ್' ಎಂದು ಸ್ಪಷ್ಟವಾಗಿಯೇ ಇತ್ತು. ಮೊಬೈಲಿನಲ್ಲಿ ಅದರ ಚಿತ್ರ ತೆಗೆದುಕೊಳ್ಳಿರಿ. ಆಮೇಲೆ ವಿಂಡೋಸಿನ ಈವೆಂಟ್ ವ್ಯೂವರ್ ತೆರೆದು, ಕುಸಿದ ಹೊತ್ತಿನ ಆಸುಪಾಸಿನ ದಾಖಲೆಗಳನ್ನು ನೋಡಿರಿ. ಅಲ್ಲಿ ಕಾಣುವ 'ಕರ್ನಲ್-ಪವರ್ 41' ಎಂಬುದನ್ನು ರೋಗದ ಹೆಸರೆಂದು ಬಗೆಯಬೇಡಿರಿ. ಯಂತ್ರ ಸರಿಯಾಗಿ ಮುಚ್ಚದೆ ನಿಂತಿತೆಂಬುದಷ್ಟೇ ಅದರ ತಾತ್ಪರ್ಯ.

ತಯಾರಕರ ಜಾಲತಾಣದಿಂದ ನಿಮ್ಮ ಮಾದರಿಗೇ ಹೊಂದುವ ಡ್ರೈವರನ್ನು ಹಾಕಿ, 'ರೀಸ್ಟಾರ್ಟ್' ಮಾಡಿರಿ. ವಿಂಡೋಸ್ 8ರಿಂದೀಚೆಗೆ ಫಾಸ್ಟ್ ಸ್ಟಾರ್ಟಪ್ ಇರುವ ಕಡೆ 'ಶಟ್‌ಡೌನ್' ಮಾಡಿದರೆ ಯಂತ್ರ ಪೂರ್ತಿ ಹೊಸದಾಗಿ ಆರಂಭವಾಗುವುದಿಲ್ಲ. ಇದು ನನಗೂ ಸೋಜಿಗವೆನಿಸಿತು. ಒಮ್ಮೆಗೆ ಒಂದನ್ನೇ ಬದಲಿಸಿ, ನಾಲ್ಕು ದಿನ ಕಾಯಿರಿ. ಲೋಲಕದ ಪ್ರಯೋಗದಲ್ಲಿ ದಾರದ ಉದ್ದವನ್ನೂ ಗುಂಡಿನ ತೂಕವನ್ನೂ ಒಟ್ಟಿಗೇ ಬದಲಿಸಿ ಬೈಸಿಕೊಂಡವರಿಗೆ ಇದನ್ನು ಬೇರೆ ಹೇಳಬೇಕಿಲ್ಲ. ಅಲ್ಲಿಯವರೆಗೆ, ಮುಚ್ಚಳ ಮುಚ್ಚಿದರೂ ಯಂತ್ರ ನಿದ್ರಿಸದಂತೆ ಪವರ್ ಆಪ್ಷನ್ಸ್‌ನಲ್ಲಿ ಹೊಂದಿಸಿರಿ.

ಅಂಗಡಿಯವರನ್ನು ನಾನು ಜರಿಯಲಾರೆ. ದಿನಕ್ಕೆ ಹತ್ತಾರು ಯಂತ್ರಗಳು ಬರುವಲ್ಲಿ ಒಂದೊಂದರ ಕಥೆ ಕೇಳಲು ವ್ಯವಧಾನವೆಲ್ಲಿ? ರ‍್ಯಾಮೋ ಡಿಸ್ಕೋ ಕೆಟ್ಟಿದ್ದರೆ ಅವರ ಬಳಿಗೇ ಹೋಗಬೇಕು. ಆದರೆ ಫಾರ್ಮ್ಯಾಟ್ ಎಂಬುದು ಮೊದಲ ಔಷಧಿಯಾಗಬಾರದು. ಪ್ರತಿ ತೆಗೆದಿಡದೆ ಆಗಲೇಬಾರದು.

ನನ್ನಲ್ಲಿ ಎಡವಿದ್ದು ವೈ-ಫೈ ಡ್ರೈವರ್. ಹರಪನಹಳ್ಳಿಯವನದು ಬೇರೆ, ಅವನು ಇನ್ನೂ ಹುಡುಕುತ್ತಿದ್ದಾನೆ, ಕಡತಗಳಂತೂ ಪೆನ್‌ಡ್ರೈವಿನಲ್ಲಿ ಭದ್ರವಾಗಿವೆ. ನಾನು ತಂದೆಯವರ ನೆನಪುಗಳನ್ನು ಮತ್ತೆ ಬರೆಯುತ್ತ ಹದಿನೇಳನೆಯ ಪುಟಕ್ಕೆ ಬಂದಿದ್ದೇನೆ. ಅವರು ಕೂಡ್ಲಿಗಿ ಬಿಟ್ಟು ಕೊಟ್ಟೂರಿಗೆ ಬಂದದ್ದು ಯಾವ ವರ್ಷವೆಂದು ಮೊದಲ ಬರಹದಲ್ಲಿತ್ತು, ಈಗ ನೆನಪಾಗುತ್ತಿಲ್ಲ. ಹಗರಿಬೊಮ್ಮನಹಳ್ಳಿಯ ಅಕ್ಕನಿಗೆ ಯಾರಾದರೂ ಇದನ್ನು ಓದಿ ಹೇಳಿ, ಕೇಳಿ ತಿಳಿಸಿರಿ.