ಮೊದಲ ನಗೆ ಯಾರದು?



ಎಡವದ ಕಾಲಿಲ್ಲ, ತಪ್ಪದ ನಾಲಗೆಯಿಲ್ಲ. ಮದುವೆಯ ಪಂಕ್ತಿಯಲ್ಲಿ ಬಡಿಸುವಾಗ ಸಾರು ಬೀಗರ ಹೊಸ ಅಂಗಿಯ ಮೇಲೆ ಚೆಲ್ಲುವುದು, ಬಸ್ಸಿನಲ್ಲಿ ಪರಿಚಿತರೆಂದು ಬೆನ್ನು ತಟ್ಟಿದವರು ತಿರುಗಿ ನೋಡಿದಾಗ ಯಾರೋ ಬೇರೆಯವರಾಗಿರುವುದು, ಸಮಾರಂಭ ಮುಗಿಸಿ ಮನೆಗೆ ಬಂದು ನೋಡಿದರೆ ಕಾಲಲ್ಲಿರುವ ಎರಡು ಚಪ್ಪಲಿಗಳಲ್ಲಿ ಒಂದು ಮಾತ್ರ ನಮ್ಮದಾಗಿರುವುದು, ಇಂಥ ಪ್ರಸಂಗಗಳಿಲ್ಲದ ಸಂಸಾರ ಯಾವುದಿದೆ? ಆ ಗಳಿಗೆಯಲ್ಲಿ ಭೂಮಿ ಬಾಯಿಬಿಡಬಾರದೇ ಎನ್ನಿಸುತ್ತದೆ. ಆದರೆ ವರ್ಷವೊಂದು ಕಳೆಯಿತೆಂದರೆ ಅದೇ ಪ್ರಸಂಗವನ್ನು ನಾಲ್ಕು ಜನರ ಮುಂದೆ ಬಣ್ಣ ಕಟ್ಟಿ ಹೇಳಿ ನಾವೇ ನಗುತ್ತೇವೆ. ನಾಚಿಕೆಯು ನಗೆಯಾಗಿ ಮಾರ್ಪಡುವ ಈ ಪರಿಯನ್ನು ಕುರಿತು ಈ ತಿಂಗಳು ಸ್ವಲ್ಪ ವಿಚಾರಿಸೋಣ.

ಮೊದಲು ನಮ್ಮದೇ ಒಂದು ಪ್ರಸಂಗವನ್ನು ಒಪ್ಪಿಸಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ ನಿವೃತ್ತ ಶಿಕ್ಷಕರಾಗಿದ್ದ ನಮ್ಮ ಸ್ನೇಹಿತರೊಬ್ಬರು ತೀರಿಕೊಂಡರು. ಅವರ ಶ್ರದ್ಧಾಂಜಲಿ ಸಭೆಯಲ್ಲಿ ಮೊದಲು ಮಾತನಾಡುವ ಹೊಣೆ ನಮ್ಮ ಪಾಲಿಗೆ ಬಂದಿತ್ತು. ಅದು ಮದುವೆಗಳ ಕಾಲ. ಆ ತಿಂಗಳೆಲ್ಲ ನಾಲಗೆಗೆ ಸ್ವಾಗತ ಭಾಷಣವೇ ರೂಢಿಯಾಗಿಹೋಗಿತ್ತು. ಎದ್ದು ನಿಂತವರೇ ಕೈಮುಗಿದು, "ಈ ಮಂಗಲಮಯ ಸಮಾರಂಭಕ್ಕೆ ಆಗಮಿಸಿರುವ ತಮ್ಮೆಲ್ಲರಿಗೂ ಹಾರ್ದಿಕ ಸ್ವಾಗತ" ಎಂದುಬಿಟ್ಟೆವು!

ಸಭೆ ಸ್ತಬ್ಧವಾಯಿತು. ಮೇಲೆ ತಿರುಗುತ್ತಿದ್ದ ಫ್ಯಾನಿನ ಸದ್ದೊಂದೇ ಕೇಳುತ್ತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯ ಅರ್ಥ ನಮಗೆ ಅಂದು ಪೂರ್ತಿಯಾಗಿ ತಿಳಿಯಿತು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಸ್ನೇಹಿತರ ಪತ್ನಿ ಸೆರಗಿನಿಂದ ಮುಖ ಮುಚ್ಚಿಕೊಂಡರು. ಅವರ ಭುಜಗಳು ಅಲುಗಾಡುತ್ತಿದ್ದವು. ದುಃಖದಲ್ಲಿರುವವರನ್ನು ಇನ್ನಷ್ಟು ಅಳಿಸಿದೆವಲ್ಲ ಎಂದು ನಾವು ನಡುಗಿದೆವು. ಸೆರಗು ಸರಿಸಿದಾಗ ನೋಡಿದರೆ ಆ ತಾಯಿ ನಗುತ್ತಿದ್ದರು! "ಅವರು ಇದ್ದಿದ್ರ ಎಲ್ಲಾರಕಿಂತ ಮೊದಲ ನಗತಿದ್ರು. ನೀವ್ಯಾಕ ಸಂಕೋಚ ಮಾಡ್ಕೋತೀರಿ ಅಣ್ಣಾರ, ಮಾತಾಡ್ರಿ" ಎಂದರು. ಆಮೇಲೆ ಸಭೆಯೇ ನಕ್ಕಿತು. ಒಬ್ಬೊಬ್ಬರೂ ಎದ್ದು ಮೇಷ್ಟ್ರ ವಿನೋದದ ಮಾತುಗಳನ್ನು ನೆನೆಸಿಕೊಂಡರು. ನಾವು ಬರೆದು ತಂದಿದ್ದ ಭಾಷಣ ಜೇಬಿನಲ್ಲಿಯೇ ಉಳಿಯಿತು. ಅದಕ್ಕಿಂತ ಒಳ್ಳೆಯ ಶ್ರದ್ಧಾಂಜಲಿಯನ್ನು ನಾವು ಇದುವರೆಗೆ ಕಂಡಿಲ್ಲ.

ಇಂಥ ಹೊತ್ತಿನಲ್ಲಿ ಮುಖ ಕೆಂಪೇರುವುದು ಸ್ವಾಭಾವಿಕ. ಡಾರ್ವಿನ್ನರು 1872ರಲ್ಲಿ ಮಾನವ ಹಾಗೂ ಪ್ರಾಣಿಗಳ ಭಾವಾಭಿವ್ಯಕ್ತಿಯನ್ನು ಕುರಿತು ಬರೆದ ಗ್ರಂಥದಲ್ಲಿ ಈ ನಾಚಿಕೆಯ ಕೆಂಪಿಗಾಗಿ ಒಂದು ಅಧ್ಯಾಯವನ್ನೇ ಮೀಸಲಿಟ್ಟು, ಇದು ಮನುಷ್ಯನಿಗೇ ವಿಶಿಷ್ಟವಾದುದೆಂದು ಹೇಳಿದರು. ಇತರರು ನಮ್ಮನ್ನು ಹೇಗೆ ಕಾಣುತ್ತಿದ್ದಾರೆ ಎಂಬ ಚಿಂತೆಯೇ ಅದರ ಮೂಲ. ಆದರೆ ಇತರರು ನಾವು ಭಾವಿಸಿದಷ್ಟು ನಮ್ಮನ್ನು ನೋಡುತ್ತಿರುವುದಿಲ್ಲ! ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೋವಿಚ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗವೊಂದು ಸ್ವಾರಸ್ಯಕರವಾಗಿದೆ. ಗಾಯಕನೊಬ್ಬನ ಚಿತ್ರವಿದ್ದ, ತೊಡಲು ಸಂಕೋಚವಾಗುವಂಥ ಅಂಗಿಯನ್ನು ವಿದ್ಯಾರ್ಥಿಗೆ ತೊಡಿಸಿ ಇತರರಿದ್ದ ಕೋಣೆಯೊಳಗೆ ಕಳುಹಿಸಿದರು. ಸುಮಾರು ಅರ್ಧದಷ್ಟು ಜನ ತನ್ನ ಅಂಗಿಯ ಚಿತ್ರವನ್ನು ಗುರುತಿಸಿರಬೇಕೆಂದು ತೊಟ್ಟವರು ಅಂದಾಜು ಮಾಡಿದರು. ನಿಜವಾಗಿ ಗುರುತಿಸಿದವರು ಕಾಲು ಭಾಗದಷ್ಟು ಮಾತ್ರ. ಉಳಿದವರಿಗೆ ಅವರವರ ಚಿಂತೆ!

ಈ ಸತ್ಯ ನಮ್ಮ ಹಾಸ್ಯ ಸಾಹಿತಿಗಳಿಗೆ ಯಾವ ಪ್ರಯೋಗವೂ ಇಲ್ಲದೆ ತಿಳಿದಿತ್ತೇನೋ. ಬೀಚಿಯವರು ತಮ್ಮ ಆತ್ಮಕಥೆಗೆ 'ನನ್ನ ಭಯಾಗ್ರಫಿ' ಎಂದು ಹೆಸರಿಟ್ಟು, ಇತರರು ನಗುವ ಮೊದಲು ತಾವೇ ತಮ್ಮನ್ನು ಕುರಿತು ನಕ್ಕುಬಿಟ್ಟರು. 1942ರಲ್ಲಿ 'ಕೊರವಂಜಿ' ಹಾಸ್ಯಪತ್ರಿಕೆಯನ್ನು ಆರಂಭಿಸಿ ಇಪ್ಪತ್ತೈದು ವರ್ಷ ನಡೆಸಿದ 'ರಾಶಿ'ಯವರು ವೃತ್ತಿಯಲ್ಲಿ ವೈದ್ಯರು. ಮನಸ್ಸಿನ ರೋಗಗಳನ್ನು ಕುರಿತು ಗ್ರಂಥ ಬರೆದವರು. ಔಷಧವನ್ನೂ ನಗೆಯನ್ನೂ ಒಂದೇ ಕೈಯಿಂದ ಹಂಚಿದವರೆಂದರೆ ತಪ್ಪಾಗಲಾರದು.

ಆದರೆ ಔಷಧವನ್ನು ಅಳತೆ ತಪ್ಪಿ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೂ ನಮ್ಮ ಮನೆಯಲ್ಲಿಯೇ ನಿದರ್ಶನವಿದೆ. ನಮ್ಮ ಅಣ್ಣನವರ ಮಗಳು ಏಳು ವರ್ಷದವಳಿದ್ದಾಗ ಗೃಹಪ್ರವೇಶವೊಂದರಲ್ಲಿ ಪದ್ಯ ಹೇಳಲು ನಿಂತು, ಮೂರನೆಯ ಸಾಲು ಮರೆತು, ಮೊದಲ ಸಾಲನ್ನೇ ನಾಲ್ಕು ಸಲ ಹೇಳಿ ಅಳುತ್ತ ಒಳಗೆ ಓಡಿದಳು. ಹಿರಿಯರೆಲ್ಲ ಹೊಟ್ಟೆ ತುಂಬ ನಕ್ಕೆವು. ಅಷ್ಟಕ್ಕೇ ಬಿಡದೆ, ನೆಂಟರು ಸೇರಿದಾಗಲೆಲ್ಲ ಆ ಕಥೆಯನ್ನು ಅವಳ ಧ್ವನಿಯನ್ನೇ ಅನುಕರಿಸಿ ಹೇಳುವುದು ನಮಗೆ ಅಭ್ಯಾಸವಾಯಿತು. ಅವಳೂ ಮುಗುಳ್ನಗುತ್ತಿದ್ದಳು, ಆನಂದಪಡುತ್ತಾಳೆಂದೇ ತಿಳಿದಿದ್ದೆವು. ಅವಳು ಮತ್ತೆಂದೂ ವೇದಿಕೆ ಹತ್ತಲಿಲ್ಲವೆಂಬುದನ್ನು ಗಮನಿಸಿಯೇ ಇರಲಿಲ್ಲ. ಮದುವೆ ಗೊತ್ತಾದ ಮೇಲೆ ಒಂದು ದಿನ ಚಹಾ ತಂದುಕೊಟ್ಟು, ತಲೆ ತಗ್ಗಿಸಿ, "ಕಾಕಾ, ಆ ಪದ್ಯದ ಕಥಿ ನನ್ನ ಮದುವ್ಯಾಗರೆ ಹೇಳಬ್ಯಾಡ್ರಿ" ಎಂದಳು.

ಹದಿನೇಳು ವರ್ಷಗಳ ನಗೆಯ ಲೆಕ್ಕ ಆ ಒಂದು ಮಾತಿನಲ್ಲಿ ನಮ್ಮ ಮುಂದೆ ಬಂದು ನಿಂತಿತು. ಚಹಾ ಆರುವವರೆಗೂ ಏನು ಹೇಳಬೇಕೋ ತೋಚಲಿಲ್ಲ. ಕೊನೆಗೆ, "ತಪ್ಪಾತವ್ವಾ" ಎಂದೆವು.

ಶ್ರದ್ಧಾಂಜಲಿ ಸಭೆಗೂ ಗೃಹಪ್ರವೇಶಕ್ಕೂ ಇದ್ದ ಅಂತರವೇನು? ಅಲ್ಲಿ ಮೊದಲು ನಕ್ಕವರು, ನೊಂದುಕೊಳ್ಳಲು ಎಲ್ಲರಿಗಿಂತ ಹೆಚ್ಚು ಹಕ್ಕಿದ್ದ ಆ ತಾಯಿ. ಇಲ್ಲಿ ಮೊದಲು ನಕ್ಕವರು ನಾವು. ಎಡವಿದವರೇ ಮೊದಲು ನಕ್ಕರೆ ಅದು ಎಲ್ಲರ ನಗೆಯಾಗುತ್ತದೆ. ನೋಡಿದವರು ಮೊದಲು ನಕ್ಕರೆ ಬಿದ್ದವರು ಒಂಟಿಯಾಗುತ್ತಾರೆ. ಮನೆಯಲ್ಲಿ ಮಕ್ಕಳು, ಹೊಸದಾಗಿ ಬಂದ ಸೊಸೆ, ಕಿವಿ ಮಂದವಾದ ಅಜ್ಜ ತಪ್ಪಿದಾಗ ಮೊದಲ ನಗೆಯನ್ನು ಅವರಿಗೇ ಬಿಟ್ಟುಕೊಡೋಣ. ನಾವು ತಪ್ಪಿದಾಗ ಮಾತ್ರ ತಡಮಾಡದೆ ನಗೋಣ. ಅದನ್ನು ಕಂಡ ಮಕ್ಕಳು ತಮ್ಮ ತಪ್ಪಿಗೂ ನಗಲು ತಾವಾಗಿಯೇ ಕಲಿಯುತ್ತಾರೆ.

ಅವಳ ಮದುವೆಯಲ್ಲಿ ಹರಸಿ ಮಾತನಾಡುವ ಸರದಿ ನಮಗೂ ಬಂತು. ಪದ್ಯದ ಕಥೆಯನ್ನು ಎತ್ತಲಿಲ್ಲ; ಶ್ರದ್ಧಾಂಜಲಿ ಸಭೆಗೆ ಜನರನ್ನು ಸ್ವಾಗತಿಸಿದ ನಮ್ಮ ಪರಾಕ್ರಮವನ್ನು ಹೇಳಿದೆವು. "ಇಂದಾದರೂ ಸರಿಯಾದ ಸಭೆಯಲ್ಲಿ ಸ್ವಾಗತಿಸುತ್ತಿದ್ದೇವೆ" ಎಂದಾಗ ಬೀಗರ ಕಡೆಯವರೆಲ್ಲ ನಕ್ಕರು. ನಾವು ನೋಡಿದ್ದು ಮದುಮಗಳನ್ನು. ಬಾಸಿಂಗ ಅಲುಗುವಂತೆ ಅವಳು ಮನಸಾರೆ ನಗುತ್ತಿದ್ದಳು.