ಕಾಯಿಯ ಕೆಂಪಿಗೆ ನಂಬರ್ ಇದೆ, ಪ್ಯಾಕೆಟ್ಟಿನ ಕೆಂಪಿಗೆ ಯಾಕಿಲ್ಲ?

ಬ್ಯಾಡಗಿ ಮಾರುಕಟ್ಟೆಗೆ ಕಾಯಿ ಒಯ್ದವರಿಗೆ ಗೊತ್ತಿರುವ ಮಾತಿದು. ಖರೀದಿದಾರ ಚೀಲದಿಂದ ಒಂದು ಹಿಡಿ ಕಾಯಿ ತೆಗೆದು, ಮುರಿದು, ಮೂಸಿ, ಬಣ್ಣ ನೋಡುತ್ತಾನೆ. ಆದರೆ ಎಣ್ಣೆ ತೆಗೆಯುವ ಕಂಪನಿಗೆ, ಹೊರದೇಶಕ್ಕೆ ಹೋಗುವ ಮಾಲಿಗೆ ಕಣ್ಣಂದಾಜು ಸಾಲದು. ಅಲ್ಲಿ ಕೇಳುವುದು 'ಆಸ್ಟಾ ಎಷ್ಟು?' ಅಂತ. ಪುಡಿಯನ್ನು ಅಸಿಟೋನಿನಲ್ಲಿ ನೆನೆಸಿ, ಬಣ್ಣ ಬಿಟ್ಟ ಆ ದ್ರವದೊಳಗೆ 460 ನ್ಯಾನೋಮೀಟರ್ ಅಲೆಯುದ್ದದ ಬೆಳಕು ಹಾಯಿಸಿ, ಎಷ್ಟು ಬೆಳಕನ್ನು ಅದು ಹೀರಿತು ಎಂದು ಅಳೆದು ಬರೆಯುವ ಅಂಕಿ ಅದು. ಖಾರ ಕಡಿಮೆ, ಬಣ್ಣ ಜಾಸ್ತಿ ಎಂಬುದೇ ಬ್ಯಾಡಗಿ ಕಾಯಿಯ ಹೆಸರು. 2011ರಲ್ಲಿ ಅದಕ್ಕೆ ಜಿಐ ಮಾನ್ಯತೆ ಬಂತು. ಲಿಪ್‌ಸ್ಟಿಕ್ಕಿಗೂ ಇದರ ಬಣ್ಣ ಹೋಗುತ್ತದೆ.

ಕಾಯಿಯ ಕೆಂಪನ್ನು ಇಷ್ಟು ಕರಾರುವಾಕ್ಕಾಗಿ ಅಳೆಯುವ ಊರಿನಲ್ಲಿ, ಆ ಕಾಯಿಯ ಪುಡಿ ತುಂಬುವ ಪ್ಯಾಕೆಟ್ಟಿನ ಕೆಂಪನ್ನು ನಾವು ವಾಟ್ಸ್‌ಆ್ಯಪ್ ಫೋಟೊ ನೋಡಿ 'ಓಕೆ' ಮಾಡುತ್ತೇವೆ. ಇದು ನಿಲ್ಲಬೇಕು ಎನ್ನುವುದು ನಮ್ಮ ವಾದ.

ನಮ್ಮ ಭಾಗದ ಒಂದು ಮಹಿಳಾ ಸಂಘದ ಕಥೆ ಕೇಳಿ. ಖಾರದ ಪುಡಿಗೆ ಒಳ್ಳೆ ಪೌಚ್ ಬೇಕಿತ್ತು. ಇಲ್ಲಿ ವಿಚಾರಿಸಿದರೆ ಒಂದೊಂದು ಬಣ್ಣಕ್ಕೆ ಒಂದೊಂದು ಸಿಲಿಂಡರ್ ಕೊರೆಸಬೇಕು, ಅದರ ಖರ್ಚು ಏಳಬೇಕಾದರೆ ದೊಡ್ಡ ಆರ್ಡರ್ ಕೊಡಬೇಕು ಎಂದರು. ಐದು ಸಾವಿರ ಪೌಚಿಗೆ ಅದು ಹೊರೆ. ಅಷ್ಟರಲ್ಲಿ ಏಜೆಂಟರೊಬ್ಬರು ಸಿಕ್ಕರು. ಚೀನಾದಲ್ಲಿ ಡಿಜಿಟಲ್ ಮುದ್ರಣ, ಸಿಲಿಂಡರ್ ಬೇಡ, ಕಡಿಮೆ ದರ. ಡಿಸೈನ್ ಫೋಟೊ ಮೊಬೈಲಿಗೆ ಬಂತು, ಹೆಂಗಸರೆಲ್ಲ ಸೇರಿ ನೋಡಿದರು, ಚಂದ ಕಂಡಿತು, ಒಪ್ಪಿದರು. 'ಸೇಮ್ ಟು ಸೇಮ್ ಬರ್ತದ ಅಕ್ಕಾರ, ಚಿಂತೀ ಮಾಡಬ್ಯಾಡ್ರಿ' ಎಂದರು ಏಜೆಂಟರು. ಡಬ್ಬ ಬಿಚ್ಚಿದ ದಿನ ಸಂಘದ ಅಧ್ಯಕ್ಷೆ ನಮ್ಮ ಕೈಗೆ ಒಂದು ಪೌಚ್ ಕೊಟ್ಟು ಹೇಳಿದ್ದು ಒಂದೇ ಮಾತು: 'ನೋಡ್ರಿ ಸರ, ಇದು ಮೆಣಸಿನಕಾಯಿ ಬಣ್ಣ ಏನ್ರಿ? ಇಟ್ಟಂಗಿ ಬಣ್ಣ.'

ಪ್ಯಾಕೆಟ್ಟಿನ ಬಣ್ಣದಲ್ಲಿ ಏನಿದೆ, ಒಳಗಿನ ಪುಡಿ ಚೆನ್ನಾಗಿದ್ದರೆ ಸಾಕಲ್ಲ ಎನ್ನುವವರೂ ಇದ್ದಾರೆ. ಖಾರದ ಪುಡಿ ವ್ಯಾಪಾರ ಹಾಗಿಲ್ಲ. ಹಳೆಯ ಪುಡಿ, ಬಿಸಿಲಿಗೆ ಬಿದ್ದ ಪುಡಿ ಬಣ್ಣ ಕಳೆದುಕೊಂಡು ಇಟ್ಟಂಗಿಯ ಕಡೆಗೇ ತಿರುಗುತ್ತದೆ ಎಂಬುದು ಅಡುಗೆ ಮಾಡುವ ಎಲ್ಲರಿಗೂ ಗೊತ್ತು. ಇಟ್ಟಂಗಿ ಬಣ್ಣದ ಪೌಚ್ ಅಂಗಡಿಯ ಕಪಾಟಿನಲ್ಲಿ ಕೂತು ತಾನೇ ಹೇಳುತ್ತದೆ, 'ನಾನು ಹಳೇ ಮಾಲು' ಅಂತ. ಇತ್ತ ಕಣ್ಣಿಗೆ ಹೊಡೆಯುವ ಕೆಂಪೂ ಅಪಾಯವೇ. 2005ರಲ್ಲಿ ಬ್ರಿಟನ್ನಿನಲ್ಲಿ ಸುಡಾನ್ ಎಂಬ ನಿಷೇಧಿತ ಬಣ್ಣ ಬೆರೆತ ಮೆಣಸಿನ ಪುಡಿಯಿಂದಾಗಿ ನೂರಾರು ತಿನಿಸುಗಳನ್ನು ಅಂಗಡಿಗಳಿಂದ ವಾಪಸ್ ಪಡೆದರು. ಅತಿ ಕೆಂಪು ಕಂಡರೆ ಬಣ್ಣ ಬೆರೆಸಿದ್ದಾರೆ ಎಂದು ಅನುಮಾನಪಡುವ ಗಿರಾಕಿಗಳು ಇಲ್ಲೂ ಇದ್ದಾರೆ.

ಹಾಗಾದರೆ ಚೀನಾದವರು ಮೋಸ ಮಾಡಿದರೇ? ನಮಗೆ ಹಾಗೆ ಅನ್ನಿಸುವುದಿಲ್ಲ. ಅವರಿಗೆ ಹೋದ ಆರ್ಡರಿನಲ್ಲಿ ಬಣ್ಣದ ಬಗ್ಗೆ ಇದ್ದದ್ದು 'ರೆಡ್' ಎಂಬ ಒಂದೇ ಪದ. ನಮ್ಮ ಮನೆಗಳಲ್ಲಿ ಕುಂಕುಮದ ಕೆಂಪು ಬೇರೆ, ದಾಸವಾಳದ ಕೆಂಪು ಬೇರೆ, ಒಣಮೆಣಸಿನಕಾಯಿಯ ಕೆಂಪು ಬೇರೆ. ಸಮುದ್ರದಾಚೆ ಕೂತು ಯಂತ್ರ ನಡೆಸುವವನಿಗೆ ಇದರಲ್ಲಿ ಯಾವುದು ಅಂತ ಹೇಗೆ ತಿಳಿಯಬೇಕು?

ಇನ್ನು ಮೊಬೈಲ್ ಪರದೆಯ ವಿಚಾರ. ಒಂದು ಮೆಣಸಿನಕಾಯಿ ಫೋಟೊವನ್ನು ನಿಮ್ಮ ಮೊಬೈಲ್‌ನಲ್ಲೂ ಪಕ್ಕದವರ ಮೊಬೈಲ್‌ನಲ್ಲೂ ತೆರೆದು ಅಕ್ಕಪಕ್ಕ ಇಟ್ಟು ನೋಡಿ. ಎರಡರ ಕೆಂಪೂ ಒಂದೇ ಆಗಿದ್ದರೆ ನಿಮ್ಮ ಅದೃಷ್ಟ. ಪರದೆ ಕೆಂಪು, ಹಸಿರು, ನೀಲಿ ಬೆಳಕು ಬೆರೆಸಿ ಬಣ್ಣ ತೋರಿಸುತ್ತದೆ. ಮುದ್ರಣದಲ್ಲಿ ಬೆಳಕಿಲ್ಲ, ಶಾಯಿ ಇದೆ: ಸಯಾನ್ ಎಂಬ ತಿಳಿನೀಲಿ, ಮಜೆಂಟಾ ಎಂಬ ಗುಲಾಬಿ, ಹಳದಿ, ಕಪ್ಪು. ಬೆಳಕು ತೋರಿಸುವ ಎಷ್ಟೋ ಬಣ್ಣ ಈ ನಾಲ್ಕು ಶಾಯಿಗೆ ಎಟುಕುವುದೇ ಇಲ್ಲ. ನಾವು ಕಳಿಸಿದ ಫೋಟೊ ಇ-ಪೇಪರಿನಲ್ಲಿ ಮಿಂಚುತ್ತದೆ, ಬೆಳಿಗ್ಗೆ ಕಾಗದದ ಮೇಲೆ ಮಂಕಾಗಿ ಬರುತ್ತದೆ. ಅದಕ್ಕೂ ಅರ್ಧ ಕಾರಣ ಇದೇ, ಇನ್ನರ್ಧ ಶಾಯಿ ಹೀರುವ ಆ ಒರಟು ಕಾಗದ.

ಬ್ಯಾಡಗಿಯ ಕಡುಗೆಂಪಂತೂ ನಾಲ್ಕು ಶಾಯಿಗೆ ಬಲು ಕಷ್ಟದ ಬಣ್ಣ. ಮಜೆಂಟಾ, ಹಳದಿ ಎರಡನ್ನೂ ಪೂರ್ತಿ ಹಾಕಿದರೆ ಬರುವುದು ಸ್ವಲ್ಪ ಕಿತ್ತಳೆಗೆ ವಾಲಿದ ಕೆಂಪು. ಅದನ್ನು ಕಡು ಮಾಡಲು ಚೂರು ಕಪ್ಪೋ ಸಯಾನೋ ಸೇರಿಸಬೇಕು. ಒಂದು ಹನಿ ಹೆಚ್ಚಾದರೆ ಕಂದು. ನಮ್ಮ ಸಂಘಕ್ಕೆ ಬಂದದ್ದು ಆ ಕಂದೇ.

ಅಳತೆ ಬರೆದು ಕಳಿಸಿದರೆ ಮುಗಿಯಿತೇ? ಅದೂ ಇಲ್ಲ. ಸಾರಿಗೆ ಒಂದು ಚಮಚ ಉಪ್ಪು ಎಂದರೆ ಯಾರ ಮನೆಯ ಚಮಚ ಎಂದು ಕೇಳಬೇಕಲ್ಲವೇ, ಹಾಗೆ. ಯುರೋಪಿನ ಮುದ್ರಕರು ಫೋಗ್ರಾ ಎಂಬ ಲೆಕ್ಕ ಹಿಡಿಯುತ್ತಾರೆ, ಅಮೆರಿಕದವರು ಗ್ರ್ಯಾಕಾಲ್, ಜಪಾನಿನವರು ಜಪಾನ್ ಕಲರ್. ಒಂದೇ ಫೈಲು, ಅವೇ ಅಂಕಿ, ಆದರೂ ಬಣ್ಣ ಬೇರೆ ಬೇರೆ ಬರಬಹುದು. ಅದಕ್ಕೇ ಫೈಲಿನ ಜೊತೆ ಯಾವ ಚಮಚ ಎಂದು ಹೇಳುವ 'ಪ್ರೊಫೈಲ್' ಕಳಿಸುವ ಪದ್ಧತಿ ಬಂತು; ಅದಕ್ಕಾಗಿ 1993ರಲ್ಲಿ ಕಂಪನಿಗಳು ಸೇರಿ ಐಸಿಸಿ ಎಂಬ ಅಂತರರಾಷ್ಟ್ರೀಯ ಒಕ್ಕೂಟ ಕಟ್ಟಿದವು. (ಕ್ರಿಕೆಟ್ಟಿನ ಐಸಿಸಿ ಅಲ್ಲ.) ಮುದ್ರಿಸುವವರು ಯಾವ ಪ್ರೊಫೈಲ್ ಬಳಸುತ್ತಾರೆ ಎಂದು ಮೊದಲೇ ಕೇಳಿ, ಡಿಸೈನ್ ಮಾಡುವವರಿಗೆ ಅದನ್ನು ಕೊಡಬೇಕು. ನಮ್ಮ ತಾಲ್ಲೂಕುಗಳ ಡಿಟಿಪಿ ಅಂಗಡಿಗಳಲ್ಲಿ ಈ ಪ್ರಶ್ನೆ ಕೇಳಿದವರನ್ನು ನಾವಂತೂ ಕಂಡಿಲ್ಲ.

ಪೌಚಿನಲ್ಲಿ ಇನ್ನೊಂದು ತೊಡಕಿದೆ. ಪ್ಲಾಸ್ಟಿಕ್ ಹಾಳೆ ಪಾರದರ್ಶಕ, ಅದರ ಹಿಂದೆ ಬೆಳ್ಳಿ ಬಣ್ಣದ ಪದರ. ನಡುವೆ ಬಿಳಿ ಶಾಯಿಯ ಹಾಸು ಹಾಕದಿದ್ದರೆ ಅಥವಾ ತೆಳ್ಳಗೆ ಹಾಕಿದರೆ ಮೇಲಿನ ಬಣ್ಣವೆಲ್ಲ ಕಂದಿ ಕಾಣುತ್ತದೆ. ಸುಣ್ಣ ಬಳಿಯದ ಗೋಡೆಗೆ ನೇರ ಬಣ್ಣ ಹೊಡೆದ ಹಾಗೆ. ಮ್ಯಾಟ್ ಫಿನಿಶ್ ಕೇಳಿದರೆ ಬಣ್ಣ ಮತ್ತಷ್ಟು ಇಳಿಯುತ್ತದೆ. ಇದ್ಯಾವುದೂ ಮೊಬೈಲ್ ಫೋಟೊದಲ್ಲಿ ಕಾಣುವುದಿಲ್ಲ.

ಪರಿಹಾರ ಹೊಸದೇನಲ್ಲ. ದೊಡ್ಡ ಕಂಪನಿಗಳು ಮಾಡುವುದನ್ನೇ ಸಣ್ಣವರೂ ಕೇಳಬೇಕು. ಮೊದಲನೆಯದು, ನಿಜವಾದ ಹಾಳೆಯ ಮೇಲೆ, ನಿಜವಾದ ಶಾಯಿಯಲ್ಲಿ ಮುದ್ರಿಸಿದ ಮಾದರಿ ಕೊರಿಯರ್‌ನಲ್ಲಿ ಕೈಗೆ ಬರಬೇಕು. ಅದಕ್ಕೆ ಬೇರೆ ಹಣ ಕೇಳುತ್ತಾರೆ, ಕೊಡಿ; ಕೆಟ್ಟ ಐದು ಸಾವಿರ ಪೌಚಿಗಿಂತ ಅದು ಅಗ್ಗ. ಒಪ್ಪಿಗೆಯಾದರೆ ಎರಡು ಪ್ರತಿಗೆ ಸಹಿ, ತಾರೀಕು ಹಾಕಿ ಒಂದನ್ನು ವಾಪಸ್ ಕಳಿಸಿ, ಒಂದನ್ನು ಬೆಳಕು ಬೀಳದ ಕಡೆ ಎತ್ತಿಡಿ. ನಾಳೆ ಜಗಳ ಬಂದರೆ ನಿಮ್ಮ ಸಾಕ್ಷಿ ಅದೊಂದೇ.

ಆ ಮಾದರಿಯನ್ನು ಟ್ಯೂಬ್‌ಲೈಟಿನ ಕೆಳಗೆ ನೋಡಬೇಡಿ. ಇದನ್ನು ನಮ್ಮ ಅವ್ವಂದಿರಿಗೆ ಯಾರೂ ಕಲಿಸಬೇಕಿಲ್ಲ. ಜವಳಿ ಅಂಗಡಿಯಲ್ಲಿ ಸೀರೆ ಆರಿಸಿದ ಮೇಲೆ ಬಾಗಿಲ ಹೊರಗೆ ಹಗಲು ಬೆಳಕಿಗೆ ತಂದು ನೋಡಿಯೇ ಅವರು ದುಡ್ಡು ಕೊಡುವುದು. ಒಂದು ಬೆಳಕಿನಲ್ಲಿ ಹೊಂದುವ ಎರಡು ಬಣ್ಣ ಇನ್ನೊಂದು ಬೆಳಕಿನಲ್ಲಿ ಹೊಂದದೆ ಇರಬಹುದು. ಮುದ್ರಣದ ಲೋಕದಲ್ಲೂ ಬಣ್ಣ ನೋಡಲು 5000 ಕೆಲ್ವಿನ್ನಿನ, ಹಗಲಿಗೆ ಹತ್ತಿರದ ಬೆಳಕನ್ನೇ ನಿಗದಿ ಮಾಡಿದ್ದಾರೆ.

ಎರಡನೆಯದು, ಮುಖ್ಯ ಬಣ್ಣ ಒಂದಕ್ಕಾದರೂ ನಂಬರ್ ಇರಲಿ. 1963ರಿಂದ ಇರುವ ಪ್ಯಾಂಟೋನ್ ಪಟ್ಟಿಯಲ್ಲಿ ಪ್ರತಿ ಬಣ್ಣಕ್ಕೂ ಒಂದು ಸಂಖ್ಯೆ ಇದೆ. ಆ ಪುಸ್ತಕ ದುಬಾರಿ, ಹಳೆಯದಾದರೆ ಅದರ ಬಣ್ಣವೂ ಮಾಸುತ್ತದೆ. ಪ್ರತಿ ಸಂಘವೂ ಕೊಳ್ಳಬೇಕಿಲ್ಲ, ನಗರದ ಒಳ್ಳೆಯ ಮುದ್ರಕರ ಬಳಿ ಕೂತು ಒಮ್ಮೆ ಆರಿಸಿ ಬರೆದುಕೊಂಡರೆ ಸಾಕು. ಡಿಜಿಟಲ್ ಯಂತ್ರ ಅದನ್ನು ನಾಲ್ಕು ಶಾಯಿಯಲ್ಲೇ ಕೂಡಿಸಬೇಕಾಗಬಹುದು, ಆದರೂ ಯಾವ ಕೆಂಪಿಗೆ ಗುರಿ ಇಡಬೇಕು ಎಂಬುದಾದರೂ ಅವರಿಗೆ ತಿಳಿಯುತ್ತದೆ. ಒಪ್ಪಿದ ಬಣ್ಣಕ್ಕೂ ಬಂದ ಬಣ್ಣಕ್ಕೂ ಇರುವ ಅಂತರವನ್ನು ಯಂತ್ರದಿಂದ ಅಳೆದು 'ಡೆಲ್ಟಾ ಇ' ಎಂಬ ಅಂಕಿಯಲ್ಲಿ ಹೇಳುತ್ತಾರೆ. 1ರ ಆಸುಪಾಸು ಇದ್ದರೆ ಕಣ್ಣಿಗೆ ಗೊತ್ತಾಗುವುದೇ ಕಷ್ಟ. ಎಷ್ಟರವರೆಗೆ ಒಪ್ಪುತ್ತೀರಿ ಎಂದು ಆರ್ಡರಿನಲ್ಲೇ ಬರೆಯಿರಿ. ನಮ್ಮ ಆಸ್ಟಾ ಅಳೆಯುವ ಯಂತ್ರ ಇದಕ್ಕೆ ಆಗುವುದಿಲ್ಲ, ಅದು ದ್ರವ ಅಳೆಯುವಂಥದ್ದು. ಆದರೆ ಬುದ್ಧಿ ಒಂದೇ.

ಚೀನಾ ಯಾಕೆ, ಶಿವಕಾಶಿಗೋ ಹುಬ್ಬಳ್ಳಿಗೋ ಕೊಡಿ ಎಂದು ಹಲವರು ಹೇಳುತ್ತಾರೆ. ದರ ಹೊಂದಿದರೆ ಖಂಡಿತ ಕೊಡಿ. ಬಸ್ಸು ಹತ್ತಿ ಹೋಗಿ ಯಂತ್ರದ ಪಕ್ಕ ನಿಂತು 'ಇನ್ನೂ ಸ್ವಲ್ಪ ಕಡು ಮಾಡ್ರಿ' ಎನ್ನಬಹುದು, ಅದಕ್ಕಿಂತ ದೊಡ್ಡ ಅನುಕೂಲ ಇಲ್ಲ. ದೂರದವರಿಗೆ ಕೊಟ್ಟಾಗ ಆ ಮಾತನ್ನು ಕಾಗದದ ಮೇಲೆ ಮೊದಲೇ ಆಡಬೇಕು, ಅಷ್ಟೇ ವ್ಯತ್ಯಾಸ.

ನಮಗೆ ಸಿಟ್ಟಿರುವುದು ಬೇರೆ ಕಡೆ. ಹೆಂಗಸರು ವಾರ ವಾರ ಉಳಿಸಿದ ದುಡ್ಡು, ಮೇಲೆ ಬ್ಯಾಂಕಿನ ಸಾಲ, ಅದರಲ್ಲಿ ಈ ಪೌಚು ಬರುತ್ತದೆ. ಮಾಲು ಕೆಟ್ಟರೆ ಏಜೆಂಟ್ 'ಫ್ಯಾಕ್ಟರಿಯವರನ್ನು ಕೇಳಿ' ಎನ್ನುತ್ತಾರೆ. ವಾಪಸ್ ಕಳಿಸಲು ಪೌಚಿಗಿಂತ ಸಾಗಣೆ ಹೆಚ್ಚು. ನಷ್ಟವೆಲ್ಲ ಬಂದು ಕೂರುವುದು ಸರಪಳಿಯ ಅತಿ ಸಣ್ಣ ಕೊಂಡಿಯ ಮೇಲೆ. ಸಣ್ಣ ಆಹಾರ ಘಟಕಗಳಿಗೆಂದು 2020ರಲ್ಲಿ ಬಂದ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಸಂಘಗಳ ಬ್ರ್ಯಾಂಡಿಂಗ್, ಪ್ಯಾಕಿಂಗಿಗೂ ನೆರವಿದೆ. ನಮ್ಮ ರಾಜ್ಯದಲ್ಲಿ ಕೆಪೆಕ್ ಅದನ್ನು ನಡೆಸುತ್ತದೆ. ಆ ನೆರವಿನಲ್ಲೇ ಮಾದರಿ ಮುದ್ರಣದ ಖರ್ಚನ್ನೂ ಸೇರಿಸಲಿ. ಜಿಐ ಇರುವ ಬ್ಯಾಡಗಿಯಂಥ ಬೆಳೆಗೆ ಒಂದು ಕೆಂಪನ್ನು ಅಳೆದು ನಿಗದಿ ಮಾಡಿ, ಮುದ್ರಿತ ಮಾದರಿಯನ್ನು ಜಿಲ್ಲಾ ಕೇಂದ್ರದಲ್ಲಿ ಇಡಲಿ. ಸಂಘದವರು ಬಂದು ಅದರ ಪ್ರತಿ ಒಯ್ದು ಯಾವ ದೇಶದ ಮುದ್ರಕರಿಗಾದರೂ ಕಳಿಸಬಹುದು.

ಅಲ್ಲಿಯವರೆಗೆ ಆರ್ಡರ್ ಕೊಡುವವರು ಹಣದ ಕಂತಿನ ಮೇಲೆ ಕಣ್ಣಿಡಿ. ಹೊರದೇಶದವರು ಸಾಮಾನ್ಯವಾಗಿ ಕೇಳುವುದು ಮುಂಗಡ 30 ಶೇಕಡಾ, ಉಳಿದ 70 ಮಾಲು ಹಡಗು ಹತ್ತುವ ಮೊದಲು. ಆ 70 ಕಳಿಸುವ ಮುಂಚೆ, ಮುದ್ರಣ ಮುಗಿದ ರಾಶಿಯಿಂದ ತೆಗೆದ ಹತ್ತು ಪೌಚುಗಳು ಕೊರಿಯರ್‌ನಲ್ಲಿ ನಿಮ್ಮ ಕೈಗೆ ಬರಬೇಕು, ಸಹಿ ಮಾಡಿದ ಮಾದರಿಯ ಪಕ್ಕ ಹಗಲು ಬೆಳಕಿನಲ್ಲಿ ಇಟ್ಟು ನೋಡಿದ ಮೇಲೆಯೇ ಬಾಕಿ ಪಾವತಿ ಎಂದು ಬರೆಸಿಕೊಳ್ಳಿ. ಏಜೆಂಟ್ 'ಹಂಗೆಲ್ಲ ಆಗಂಗಿಲ್ಲ' ಎಂದರೆ, ಬೇರೆ ಏಜೆಂಟರನ್ನು ಹುಡುಕಿ.